ಸಮುದ್ರದಾಚೆಯ ಚರಗ

ಶೇಖರಮ್ಮ ಅರವತ್ತು ದಾಟಿದ ಮೇಲೆ ಮೊದಲ ಸಲ ಸಮುದ್ರ ನೋಡಿದರು. ಬಹಳ ಹೊತ್ತು ನೋಡಿ, ಕೊನೆಗೆ ಕೇಳಿದ್ದು ಒಂದೇ ಮಾತು: “ಇದರ ಬದು ಎಲ್ಲೈತಿ?”

ಶ್ರೀಲಂಕೆಯ ನೆಗೊಂಬೊ ಎಂಬ ಊರಿನ ಮರಳ ದಂಡೆ ಅದು. ಸಂಜೆಯ ಅಲೆಗಳು ಒಂದರ ಹಿಂದೊಂದು ಬಂದು ಶೇಖರಮ್ಮನವರ ಹಿಮ್ಮಡಿ ತೊಯಿಸಿ ಹೋಗುತ್ತಿದ್ದವು. ಸೊಸೆ ಶಿವಗಂಗಾ ಉತ್ತರಕ್ಕೆ ತಡಕಾಡಿದಳು. ಲಿಂಗಸುಗೂರಿನ ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಅವಳಿಗೆ ಕೇಳಿದ ಪ್ರಶ್ನೆಯನ್ನು ಹಾಗೇ ಬಿಟ್ಟು ರೂಢಿಯಿಲ್ಲ. ಆದರೆ ಅವಳಿಗಿಂತ ಮೊದಲು ಮಾವ ದೊಡ್ಡಬಸಪ್ಪ, ಧೋತರವನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು ನಿಂತಿದ್ದವರು, ಹೇಳಿದರು: “ಬದು ಇದ್ದಿದ್ರ ಇಷ್ಟೊತ್ತಿಗೆ ಅಣ್ಣತಮ್ಮರು ಬಡಿದಾಡಿ ಕೋರ್ಟ್ ಹತ್ತಿರ್ತಿದ್ರು. ಇಲ್ಲದ್ದ ಚಲೋ ಆಗೇತಿ ಬಿಡು.”

ಶಿವಗಂಗಾಳ ಗಂಡ ಚನ್ನು ಗಹಗಹಿಸಿ ನಕ್ಕ. ಶೇಖರಮ್ಮ ಮಾತ್ರ ನಗಲಿಲ್ಲ.

ಈ ಪ್ರವಾಸ ಒದಗಿ ಬಂದಿದ್ದು ಚನ್ನುವಿನ ಅಂಗಡಿಯಿಂದ. ಸಿಂಧನೂರಿನಲ್ಲಿ ಅವನದು ಬೀಜ, ಗೊಬ್ಬರ, ಔಷಧಿಯ ಅಂಗಡಿ. ಇಂತಿಷ್ಟು ಮಾಲು ಎತ್ತಿದ ಅಂಗಡಿಯವರನ್ನು ಕಂಪನಿಗಳು ವಿದೇಶಕ್ಕೆ ಕಳಿಸುವುದು ಆ ಊರಿನಲ್ಲಿ ಈಗ ಮಾಮೂಲು. ಒಮ್ಮೆ ಅಂಗಡಿಯವರ ದಂಡಿನ ಜೊತೆ ಬ್ಯಾಂಕಾಕಿಗೆ ಹೋಗಿ ಬಂದಿದ್ದ ಚನ್ನು, ಈ ಸಲ ಶ್ರೀಲಂಕೆಗೆ ಇಬ್ಬರ ಟಿಕೆಟ್ ಸಿಕ್ಕಾಗ, “ನಮ್ಮವ್ವ ಸಮುದ್ರ ನೋಡಿಲ್ಲ” ಅಂದು ಅಪ್ಪ, ಅವ್ವ ಮತ್ತು ಎಂಟನೇ ಇಯತ್ತೆಯ ಮಗಳು ಅಮರೇಶ್ವರಿಯನ್ನೂ ಸೇರಿಸಿಕೊಂಡಿದ್ದ. ತಾರೀಖು ಆರಿಸುವ ಕೆಲಸ ಶಿವಗಂಗಾಳಿಗೆ ಬಿತ್ತು.

ಅವಳು ಅದನ್ನು ಪ್ರಯೋಗಶಾಲೆಯ ಕೆಲಸದಂತೆ ಮಾಡಿದಳು. ಮಗಳ ಶಾಲೆಗೆ ಕ್ರಿಸ್‌ಮಸ್ ರಜೆ ಯಾವಾಗ, ವರ್ಷದ ಕೊನೆಗೆ ಬಿದ್ದುಹೋಗುವ ತನ್ನ ಸಾಂದರ್ಭಿಕ ರಜೆ ಎಷ್ಟು ಉಳಿದಿದೆ, ಆ ದ್ವೀಪದ ಯಾವ ಮಗ್ಗುಲಲ್ಲಿ ಡಿಸೆಂಬರಿನಲ್ಲಿ ಮಳೆ ಕಡಿಮೆ, ಮಾವನ ರಕ್ತದೊತ್ತಡದ ಗುಳಿಗೆಗೆ ಚೀಟಿ ಬೇಕೇ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯಲು ಬಿಡುತ್ತಾರೆಯೇ ಎಂದು ಎಲ್ಲವನ್ನೂ ನೋಡಿದಳು. ಪಂಚಾಂಗ ಒಂದನ್ನು ನೋಡಲಿಲ್ಲ.

ಅದು ತಿಳಿದದ್ದು ಸಮುದ್ರ ನೋಡಿದ ಮರುದಿನ, ಒಂದು ಗದ್ದೆಯ ಅಂಚಿನಲ್ಲಿ.

ಬಾಡಿಗೆ ವ್ಯಾನು ದಂಬುಲ್ಲದ ಕಡೆಗೆ ಹೊರಟಿತ್ತು. ತೆಂಗಿನ ತೋಟಗಳು ಮುಗಿದು ಗದ್ದೆಗಳು ಶುರುವಾದಾಗ ಚಾಲಕ ನಿಮಲ್ ಎಳನೀರಿನ ಅಂಗಡಿಯ ಮುಂದೆ ನಿಲ್ಲಿಸಿದ. ಕಿತ್ತಳೆ ಬಣ್ಣದ ಎಳನೀರನ್ನು ಎಲ್ಲರೂ ಬೆರಗಿನಿಂದ ತಿರುಗಿಸಿ ನೋಡುತ್ತಿರುವಾಗ ಶೇಖರಮ್ಮ ತಮ್ಮದನ್ನು ಮೊಮ್ಮಗಳ ಕೈಗೆ ಕೊಟ್ಟು ರಸ್ತೆ ಇಳಿದರು. ಸೆರಗು ಸಿಕ್ಕಿಸಿಕೊಂಡು ಬಗ್ಗಿ, ಒಂದು ಪೈರಿನ ಬುಡವನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಮೇಲಕ್ಕೆ ಸವರಿದರು.

“ನೆಲ್ಲು ಗಬ್ಬಾಗೈತಿ,” ಅಂದರು.

“ಹಂಗಂದ್ರೇನಜ್ಜಿ?” ಅಮರೇಶ್ವರಿ ಕೇಳಿದಳು.

ಶಿವಗಂಗಾಳೊಳಗಿನ ಮೇಷ್ಟ್ರು ಎಚ್ಚೆತ್ತರು. ಅವಳು ಒಂದು ದಂಟನ್ನು ಮುರಿದು, ಉಬ್ಬಿದ ಎಲೆಕವಚಕ್ಕೆ ಉಗುರು ಹಾಕಿದಳು. ಒಳಗಿನ ಎಳೆ ತೆನೆ, ಇನ್ನೂ ಬಿಸಿಲು ಕಾಣದ್ದು, ಹಾಲುಬಿಳುಪಾಗಿ ಮಡಚಿಕೊಂಡು ಇರುತ್ತದೆ, ಅದನ್ನು ತೋರಿಸಬೇಕೆಂದಿದ್ದಳು. ಅಷ್ಟರಲ್ಲಿ ಅತ್ತೆ ಅವಳ ಕೈಮೇಲೆ ಪಟ್ಟನೆ ಹೊಡೆದರು.

“ಬಸುರಿ ಹೊಟ್ಟಿ ಸೀಳ್ತಾರೇನು? ಕಲಿತಾಕಿ ನೀನು!”

ಹೊಡೆದ ಕೈಯನ್ನು ಶೇಖರಮ್ಮ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಗದ್ದೆಯನ್ನು ನೋಡಿದರು, ಆಮೇಲೆ ಆಕಾಶವನ್ನು. ತುಟಿ ಅಲ್ಲಾಡಿಸುತ್ತ ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಎಣಿಸತೊಡಗಿದರು. “ಹೋದ ತಿಂಗಳು ಛಟ್ಟಿ ಅಮಾಸಿಗೆ ನಮ್ಮ ಜೋಳ ಮೊಣಕಾಲುದ್ದ ಇತ್ತು… ಈಗ ಹೊಡಿಯಾಗಿರಬೇಕು… ಶಿವಗಂಗಾ, ಎಳ್ಳಮಾಸಿ ಎಂದೈತಿ?”

ಶಿವಗಂಗಾ ಫೋನು ತೆಗೆದು ನೋಡಿದಳು. ತಪ್ಪು ನೋಡಿದೆನೇನೋ ಎಂದು ಮತ್ತೆ ನೋಡಿದಳು. “ನಾಳೆ ಐತ್ರಿ ಅತ್ತಿ,” ಅಂದಳು. ದನಿ ತನ್ನದಲ್ಲವೇನೋ ಎನ್ನಿಸಿತು.

ಸಿಂಧನೂರಿನ ಸೀಮೆಯಲ್ಲಿ ಹಿಂಗಾರಿ ಜೋಳ ಹೊಡೆ ತುಂಬಿ ನಿಂತ ಹೊತ್ತಿಗೆ ಎಳ್ಳಮಾವಾಸ್ಯೆ ಬರುತ್ತದೆ. ಆಗ ಭೂಮಿತಾಯಿ ಬಸುರಿ. ಮನೆಯ ಹೆಣ್ಣುಮಗಳು ಕಡುಬು, ಸಜ್ಜೆ ರೊಟ್ಟಿ, ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಪುಂಡಿಪಲ್ಯ ಎಲ್ಲ ಮಾಡಿ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ, ಎಲ್ಲವನ್ನೂ ಕಲಸಿ, ಹೊಲದ ಸುತ್ತ ಚೆಲ್ಲುತ್ತ ನಡೆಯುತ್ತಾಳೆ. ಅದೇ ಚರಗ. ಭೂಮಿಯ ಸೀಮಂತ. ಆಮೇಲೇ ಮನೆಮಂದಿಯ ಊಟ. ಶೇಖರಮ್ಮ ಗೊರೇಬಾಳ ಹಳ್ಳಿಯ ದೊಡ್ಡಬಸಪ್ಪನವರ ಮನೆಗೆ ಸೊಸೆಯಾಗಿ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ. ಚನ್ನು ಹೊಟ್ಟೆಯಲ್ಲಿದ್ದು ದಿನ ತುಂಬಿದಾಗಲೂ ಬಂಡಿಯಲ್ಲಿ ಕೂತು ಹೋಗಿ ಚೆಲ್ಲಿ ಬಂದಿದ್ದರು.

“ನಮ್ಮ ಅಂಗಡಿ ಕ್ಯಾಲೆಂಡರ್ ಊರ ಮಂದಿಗೆಲ್ಲ ಹಂಚೀನಿ,” ಚನ್ನು ಹಣೆ ಚಚ್ಚಿಕೊಂಡ. “ನಮ್ಮ ಮನಿ ಗ್ವಾಡಿಗೆ ಒಂದು ಹಾಕಿಲ್ಲ ನೋಡು.”

“ತಪ್ಪು ನಂದ್ರಿ. ತಾರೀಖು ಹಿಡಿದಾಕಿ ನಾನು,” ಶಿವಗಂಗಾ ಅಂದಳು.

ಶೇಖರಮ್ಮ ಸೊಸೆಯನ್ನು ನೋಡಲಿಲ್ಲ. ಗಂಡನನ್ನು ನೋಡುತ್ತಿದ್ದರು. ದೊಡ್ಡಬಸಪ್ಪ ಎಳನೀರಿನ ಕೊಳವೆಯನ್ನು ಬಾಯಿಂದ ತೆಗೆದಿರಲಿಲ್ಲ. ಕಾಯಿ ಬರಿದಾಗಿ ಗೊರಗೊರ ಸದ್ದು ಬರುತ್ತಿತ್ತು.

“ನಿಮಗ ಗೊತ್ತಿತ್ತು.”

“ಗೊತ್ತಿತ್ತು,” ಅವರು ಕೊಳವೆ ಬಿಟ್ಟರು.

“ಬಾಯಿ ಬಿಡಲಿಲ್ಲ.”

“ಬಿಟ್ಟಿದ್ರ ನೀ ಬರ್ತಿದ್ದೇನು? ಸಮುದ್ರ ನೋಡ್ತೀನಿ ಸಮುದ್ರ ನೋಡ್ತೀನಿ ಅಂತ ಜಲ್ಮ ಪೂರಾ ನನ್ನ ಜೀವಾ ತಿಂದಿ. ಇನ್ನ ಹೊಲದ ಮಾತಂದ್ರ, ಬಾಲಪ್ಪಗ ಹೇಳಿ ಬಂದೀನಿ. ಅಂವ ಚೆಲ್ತಾನ.”

ಬಾಲಪ್ಪ ಅವರ ಹೊಲದಲ್ಲಿ ದುಡಿಯುವ ಆಳು. ಬ್ರಹ್ಮಚಾರಿ.

“ಬಾಲಪ್ಪ!” ಶೇಖರಮ್ಮನವರ ದನಿಗೆ ಎಳನೀರಿನವನು ಕತ್ತಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದ. “ಗಂಡಸು ಸೀಮಂತ ಮಾಡ್ತಾನೇನ್ರೀ? ಅದೂ ಲಗ್ನಾಗಲಾರದ ಗಂಡಸು?”

“ಭೂಮ್ತಾಯಿಗೆ ಹಸಿವು ಮುಖ್ಯನೋ, ಬಡಿಸೋರು ಮುಖ್ಯನೋ?”

“ನಿಮ್ಮವ್ವ ಇದ್ದಿದ್ರ ಈ ಮಾತು ಆಡ್ತಿದ್ರೇನು ನೀವು?”

ದೊಡ್ಡಬಸಪ್ಪ ಹೋಗಿ ವ್ಯಾನಿನಲ್ಲಿ ಕುಳಿತರು.

ದಾರಿಯಲ್ಲಿ ಊಟಕ್ಕೆ ಇಳಿದಾಗ ಶೇಖರಮ್ಮ ಎಲೆಯ ಮುಂದೆ ಕೂರಲಿಲ್ಲ. ಸಿಟ್ಟೇನೂ ತೋರಿಸದೆ, “ಅಕಿ ಉಣ್ಣೂತನಕ ನಾ ಒಲ್ಲೆ. ನೀವು ಉಣ್ರಿ,” ಅಂದರು. ಅಕಿ ಎಂದರೆ ಯಾರು ಎಂದು ಯಾರೂ ಕೇಳಲಿಲ್ಲ. ಮಸ್ಕಿ ಕಡೆಯ ರಸ್ತೆಗೆ ಹತ್ತಿದ, ಕಾಲುವೆಯ ನೀರು ಏರದ ಆ ಎತ್ತರದ ಎರೆಹೊಲ ಎಲ್ಲರ ಕಣ್ಣ ಮುಂದೂ ಇತ್ತು.

ಶಿವಗಂಗಾ ಅದನ್ನು ದಿನವೂ ನೋಡುತ್ತಾಳೆ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸಿನ ಕಿಟಕಿಯಿಂದ, ನೆಲ್ಲಿನ ಹಸಿರು ಮುಗಿದು ಜೋಳದ ಹಸಿರು ಶುರುವಾಗುವಲ್ಲಿ, ಬನ್ನಿಯ ಗಿಡ ನಿಂತ ಒಂದು ಬದು ಕಾಣುತ್ತದೆ. ಬದುವಿನ ಆಚೆ ದೊಡ್ಡಬಸಪ್ಪನವರ ಪಾಲು, ಈಚೆ ಅವರ ತಮ್ಮ ಸಿದ್ದರಾಮನ ಪಾಲು. ಪಾಲಾದದ್ದು ಅವಳು ಈ ಮನೆಗೆ ಬರುವ ಮುಂಚೆ. ಪಾಲಿಗಾಗಿ ಜಗಳವಾಗಿರಲಿಲ್ಲ. ಜಗಳವಾದದ್ದು ಆ ವರ್ಷದ ಚರಗಕ್ಕೆ. ಹಿರಿಯ ಸೊಸೆ ಶೇಖರಮ್ಮ ಮೊದಲು ಚೆಲ್ಲಬೇಕು, ಆಮೇಲೆ ಕಿರಿಯವಳು. ಶೇಖರಮ್ಮ ಬುಟ್ಟಿ ಹೊತ್ತು ಹೊಲಕ್ಕೆ ಬಂದಾಗ ಸಿದ್ದರಾಮನ ಹೆಂಡತಿ ಕನಕಮ್ಮ ಆಗಲೇ ಚೆಲ್ಲಿ ಮುಗಿಸಿ ಎಲೆ ಹಾಕಿದ್ದರು. ಶೇಖರಮ್ಮ ತಮ್ಮ ಪಾಲಿಗಷ್ಟೇ ಚೆಲ್ಲಿ, ಆ ಎಲೆ ಮುಟ್ಟದೆ ಹೊರಳಿ ನಡೆದರು.

ಅಂದಿನಿಂದ ಪ್ರತಿ ಎಳ್ಳಮಾವಾಸ್ಯೆಗೂ ಎರಡು ಮನೆಯವರು ಒಂದೇ ಬದುವಿನ ಎರಡು ಮಗ್ಗುಲಲ್ಲಿ ಪರಸ್ಪರ ಬೆನ್ನು ಹಾಕಿ ಕುಳಿತು ಉಣ್ಣುತ್ತಾರೆ. ಬನ್ನಿಯ ಗಿಡದ ಕೆಳಗೆ ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸುವುದು ವಾಡಿಕೆ. ಪಾಲಾದ ಮೇಲೆ ಕನಕಮ್ಮ ತಮ್ಮ ಕಡೆ ಬೇರೆ ಐದು ಕಲ್ಲಿಟ್ಟರು. “ಅವರ ಬದುವಿನ್ಯಾಗ ಹತ್ತು ಮಂದಿ ಪಾಂಡವರು” ಎಂದು ಊರು ನಗುತ್ತಿತ್ತು. ಅಣ್ಣತಮ್ಮಂದಿರು ಗೊರೇಬಾಳದ ಚಹಾದ ಹೋಟೆಲಿನಲ್ಲಿ ದಿನಾ ಒಂದೇ ಬೆಂಚಿನ ಮೇಲೆ ಕೂಡುತ್ತಿದ್ದರು. ಹೊಲಕ್ಕೆ ಬಂದರೆ ಗುರುತಿಲ್ಲದವರಾಗುತ್ತಿದ್ದರು.

ದಂಬುಲ್ಲದ ವಸತಿಗೃಹದ ಹಿತ್ತಲಿಗೆ ಹೊಂದಿ ಒಂದು ಗದ್ದೆಯಿತ್ತು. ಬಿಸಿಲು ಇಳಿದ ಮೇಲೆ ಶಿವಗಂಗಾ ಅತ್ತೆಯ ಪಕ್ಕ ಕಟ್ಟೆಯ ಮೇಲೆ ಕುಳಿತಳು. ದಾರಿಯುದ್ದಕ್ಕೂ ಯೋಚಿಸಿ ಒಂದು ಪರಿಹಾರ ಹುಡುಕಿಕೊಂಡಿದ್ದಳು.

“ಅತ್ತಿ, ನಾಳೆ ಇಲ್ಲೇ ಚೆಲ್ಲೂಣು. ನಿಮಲ್ ಅವರಿಗೆ ಕೇಳೀನಿ. ಈ ಕಡಿ ರೈತರು ಹಕ್ಕಿಗಂತ ಗದ್ದಿಯಾಗ ಒಂದು ಪಟ್ಟಿ ಕೊಯ್ಯದ ಬಿಡ್ತಾರಂತ. ನಾವು ಚೆಲ್ಲಿದ್ರ ಯಾರೂ ಬ್ಯಾಡ ಅನ್ನಂಗಿಲ್ಲ. ರೊಟ್ಟಿ ಐತಿ, ಎಳ್ಳು ಇಲ್ಲಿ ಅಂಗಡಿಯಾಗ ಸಿಗ್ತೈತಿ. ಭೂಮಿ ಎಲ್ಲಾ ಒಂದ ಅಲ್ರಿ?”

ಶೇಖರಮ್ಮ ಅವಳ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಮಕ್ಕಳಿಗೆ ಹೇಳುವಂತೆ ಹೇಳಿದರು: “ನಿನಗ ಅಮರೇಶ್ವರಿ ಹೊಟ್ಯಾಗಿದ್ದಾಗ ಏಳನೇ ತಿಂಗಳಿಗೆ ನಿಮ್ಮವ್ವ ಬುತ್ತಿ ತಂದಿದ್ಲು. ನೆನಪೈತಿ?”

“ಐತ್ರಿ.”

“ಆ ಬುತ್ತಿ ದಾರ್ಯಾಗ ಯಾರೋ ಬಸುರಿಗೆ ಉಣಿಸಿ, ನಿನ್ನ ಹತ್ರ ಬರೇ ಕೈಲೆ ಬಂದು, ‘ಬಸುರಿ ಎಲ್ಲಾ ಒಂದ, ಅಲ್ಲೇನವಾ?’ ಅಂದಿದ್ರ?”

ಶಿವಗಂಗಾಳಿಗೆ ನಗು ಬಂತು. ಹಿಂದೆಯೇ ನಾಚಿಕೆ. ತನ್ನ ಪರಿಹಾರದಲ್ಲಿ ಯಾವುದು ತಪ್ಪಿತ್ತು ಎಂಬುದು ಎಷ್ಟು ಸರಳವಾಗಿತ್ತು! ಎಲ್ಲ ಮಣ್ಣೂ ಮಣ್ಣೇ ಎನ್ನುವುದು ಪಾಠಕ್ಕೆ ಸರಿ. ಕಾಯುತ್ತಿರುವುದು ಮಾತ್ರ ಒಂದು ಹೊಲ.

“ಈಕಿಗೂ ಉಣಿಸೂಣಂತ, ಪಾಪ, ಈಕೀದೇನು ತಪ್ಪೈತಿ,” ಶೇಖರಮ್ಮ ಗದ್ದೆಯ ಕಡೆ ಗದ್ದ ತೋರಿಸಿದರು. “ಆದ್ರ ನಮ್ಮಾಕಿ ದಾರಿ ನೋಡ್ತಾಳ. ಅಕಿಗೆ ನಮ್ಮ ಮನಿ ಹೆಣ್ಣು ಬೇಕು. ನೀ ಇಲ್ಲಿ, ನಾ ಇಲ್ಲಿ. ಮತ್ತ್ಯಾರದಾರ?”

ಇನ್ನೊಬ್ಬರು ಇದ್ದಾರೆ ಎಂದು ಇಬ್ಬರಿಗೂ ಗೊತ್ತಿತ್ತು. ಶಿವಗಂಗಾ ಹೆಸರು ಹೇಳಲಿಲ್ಲ. ಅದನ್ನು ತಾನು ಹೇಳಿದರೆ ಸೊಸೆಯ ಬುದ್ಧಿವಾದವಾಗುತ್ತದೆ, ಅತ್ತೆಯೇ ಹೇಳಿದರೆ ಮಾತ್ರ ಆಗುವ ಕೆಲಸ. ಅವಳು ಸುಮ್ಮನೆ ಗದ್ದೆ ನೋಡುತ್ತ ಕುಳಿತಳು. ಬೆಳ್ಳಕ್ಕಿಗಳು ಒಂದೊಂದಾಗಿ ಎದ್ದು ಮರ ಸೇರುತ್ತಿದ್ದವು.

ದೊಡ್ಡಬಸಪ್ಪ ಬಂದು ಸ್ವಲ್ಪ ದೂರದಲ್ಲಿ ಕುಕ್ಕರಿಸಿದರು. ಯಾರನ್ನೂ ನೋಡದೆ ಹೇಳಿದರು: “ಇನ್ನೊಂದು ಮಾತೈತಿ. ಸಮುದ್ರಕ್ಕಂತ ಅಷ್ಟ ನಾ ಸುಮ್ಮನಿದ್ದಿಲ್ಲ. ವರ್ಷಾ ಅಲ್ಲಿ ಬೆನ್ನು ತಿರುಗಿಸಿ ಕುಂತು ಉಣ್ಣೋದು ನನಗ ಗಂಟಲಾಗ ಇಳಿಯಾಂಗಿಲ್ಲ. ಒಂದು ವರ್ಷನಾರ ತಪ್ಪಲಿ ಅನ್ನಿಸ್ತು.”

ಹಿತ್ತಲಿನ ದೀಪ ಹತ್ತಿತು. ಶೇಖರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, “ಶಿವಗಂಗಾ, ಫೋನ್ ಹಚ್ಚು,” ಅಂದರು.

“ಯಾರಿಗ್ರಿ?”

“ಯಾರಿಗಂತ ನಿನಗ ಗೊತ್ತಿಲ್ಲೇನು? ನನ್ನ ಬಾಯಿಲೆ ಅನ್ನಿಸಬೇಕೇನು? ಕನಕಿಗೆ.”

“ನಂಬರ್ ನನ್ನ ಹತ್ರ…”

ದೊಡ್ಡಬಸಪ್ಪ ಕುಳಿತಲ್ಲಿಂದಲೇ ತಮ್ಮನ ಮನೆಯ ಫೋನಿನ ಹತ್ತು ಅಂಕೆಗಳನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಹೆಂಡತಿ ತಿರುಗಿ ನೋಡಿದಾಗ ಅವರು ಮತ್ತೆ ಬೆಳ್ಳಕ್ಕಿ ನೋಡುತ್ತಿದ್ದರು.

ಶಿವಗಂಗಾ ಸ್ಪೀಕರ್ ಹಾಕಿ ಫೋನನ್ನು ಕಟ್ಟೆಯ ಮೇಲಿಟ್ಟಳು. ಆ ಕಡೆ ಎತ್ತಿದಾಗ ಮೊದಲು ಕೇಳಿಸಿದ್ದು ರೊಟ್ಟಿ ಬಡಿಯುವ ಸದ್ದು.

“ಯಾರು?”

“ನಾ.”

“ನಾ ಅಂದ್ರ ಯಾರು?”

“ನಾನ. ಶೇಖರಮ್ಮ.”

ರೊಟ್ಟಿ ಬಡಿಯುವುದು ನಿಂತಿತು. ಕನಕಮ್ಮನವರ ದನಿ ಒಮ್ಮೆಗೇ ಇಳಿಯಿತು. “ಯಕ್ಕಾ? ಯಾರಿಗೇನಾತು? ಭಾವ ಆರಾಮದಾರಿಲ್ಲ?”

“ಆರಾಮದಾರ. ಇಲ್ಲೇ ಕುಂತಾರ, ಹಕ್ಕಿ ಎಣಿಸಾಕತ್ಯಾರ.”

“ಎದಿ ಝಲ್ಲಂತು ನನಗ.” ಉಸಿರು ಬಿಟ್ಟದ್ದು ಸಮುದ್ರದ ಈಚೆಗೂ ಕೇಳಿಸಿತು. ಯಾರಾದರೂ ಸತ್ತ ಹೊರತು ಈಕೆ ಫೋನು ಮಾಡುವುದಿಲ್ಲ ಎಂದುಕೊಂಡಿದ್ದರು, ಪಾಪ. ಕ್ಷಣದ ಮೇಲೆ ದನಿ ಬಿಗಿಯಾಯಿತು. “ಪರದೇಶಕ್ಕ ಹೋಗೀರಂತಲ್ಲ. ಸಮುದ್ರ ನೋಡಿದೇನು?”

“ನೋಡಿದೆ.”

“ಹೆಂಗೈತಿ?”

“ದೊಡ್ಡದೈತಿ.”

“ಅದನ್ನ ಹೇಳಾಕ ಫೋನ್ ಹಚ್ಚಿದೇನು?”

“ನಾಳೆ ಅಮಾಸಿ.”

“ನನಗ ಹೇಳ್ತಿ? ಮುಂಜಾನಿಂದ ಒಲಿ ಮುಂದಿನಿಂದ ಎದ್ದಿಲ್ಲ ನಾ. ನಿಮ್ಮ ಬಾಲಪ್ಪ ಬಂದಿದ್ದ. ‘ಯವ್ವಾ, ಚರಗ ಹೆಂಗ ಚೆಲ್ಲಬೇಕು?’ ಅಂತ ಕೇಳಿದ. ಯೂರಿಯಾ ಚೆಲ್ಲಿದಂಗ ಚೆಲ್ಲಪಾ ಅಂದೆ.”

ದೊಡ್ಡಬಸಪ್ಪ ಕೆಮ್ಮಿದರು. ಶೇಖರಮ್ಮನವರ ತುಟಿ ಒಂದಿಷ್ಟು ಅಲುಗಿದ್ದನ್ನು ಶಿವಗಂಗಾ ಕಂಡಳು. ಅವರು ಫೋನಿನ ಸಮೀಪ ಸರಿದು ಕೂತರು.

“ಕನಕಿ, ನಮ್ಮ ಹೊಲಕ್ಕ ನೀ ಚೆಲ್ಲು.”

ಫೋನು ಕಡಿದುಹೋಯಿತೇನೋ ಎಂದು ಶಿವಗಂಗಾ ಬಗ್ಗಿ ನೋಡಿದಳು. ಕಡಿದಿರಲಿಲ್ಲ.

“ನಾ ಯಾಕ ಚೆಲ್ಲಲಿ?” ಕನಕಮ್ಮ ನಿಧಾನವಾಗಿ ಅಂದರು. “ಆವತ್ತು ನಾ ಮೊದಲ ಚೆಲ್ಲಿದೆ ಅಂತ, ಹಾಕಿದ ಎಲಿ ದಾಟಿ ಹೊಳ್ಳಿ ಹೋದಿ. ನನ್ನ ಕೂಸಿಗೆ ಮೈ ಕೆಂಡ ಆಗಿತ್ತಕ್ಕ. ಸಿಂಧನೂರು ದವಾಖಾನಿಗೆ ಒಯ್ಯಬೇಕಿತ್ತು. ಚರಗ ತಪ್ಪಬಾರದಂತ ಲಗೂನ ಚೆಲ್ಲಿದೆ. ನೀವೆಲ್ಲ ಬರೂದೈತಂತ ಎಲಿ ಹಾಕಿ ನಿಂತೆ.”

“ಜ್ವರ ಇತ್ತೇನು?”

“ಇತ್ತು.”

“ನನಗ್ಯಾರೂ ಹೇಳಲಿಲ್ಲ.”

“ನೀ ಕೇಳಲಿಲ್ಲ.”

ಶೇಖರಮ್ಮ ಕಟ್ಟೆಯ ಮೇಲಿನ ಒಂದು ಹುಲ್ಲುಕಡ್ಡಿಯನ್ನು ತೆಗೆದು ಮುರಿದರು, ಮುರಿದದ್ದನ್ನು ಮತ್ತೆ ಮುರಿದರು. ಶಿವಗಂಗಾ ಎದ್ದು ಹೋಗಬೇಕೆಂದುಕೊಂಡಳು, ಆದರೆ ಎದ್ದರೆ ಆಗುವ ಸದ್ದಿಗೂ ಹೆದರಿದಳು.

“ಕೇಳಲಿಲ್ಲ. ಖರೆ ಐತಿ,” ಶೇಖರಮ್ಮ ಅಂದರು. “ದೊಡ್ಡಾಕಿ ನಾನು, ನಾ ಕೇಳಬೇಕಿತ್ತು.”

ಆ ಕಡೆ ರೊಟ್ಟಿ ಸುಟ್ಟ ವಾಸನೆ ಬಂದಿರಬೇಕು, “ಹಾಳಾತು!” ಎಂದು ಗೊಣಗಿದ್ದೂ, ಹೆಂಚಿನ ಸದ್ದೂ ಕೇಳಿಸಿತು. ಕನಕಮ್ಮ ಮತ್ತೆ ಮಾತಾಡಿದಾಗ ದನಿಯಲ್ಲಿ ಕೆಲಸದ ಅವಸರ ಬಂದಿತ್ತು.

“ಕೇಳಿಲ್ಲಿ. ಎರಡು ಸುತ್ತು ಹಾಕಾಕ ನನ್ನ ಮೊಣಕಾಲು ಬರಾಂಗಿಲ್ಲ. ಒಂದ ಸುತ್ತು ಹಾಕ್ತೀನಿ, ಎರಡೂ ಹೊಲ ಕೂಡಿಸಿ. ನಡುವಿನ ಬದು ನಾ ಹಿಡಿಯಂಗಿಲ್ಲ. ಒಪ್ಪಿಗಿ ಐತೇನು?”

ಒಂದೇ ಸುತ್ತು. ಶೇಖರಮ್ಮನವರ ಮಾವ ಬದುಕಿದ್ದಾಗ, ಹೊಲ ಪಾಲಾಗುವ ಮುಂಚೆ, ಹಾಕುತ್ತಿದ್ದ ಸುತ್ತು ಅದು. ಶೇಖರಮ್ಮ ಗಂಡನ ಕಡೆ ನೋಡಿದರು. ದೊಡ್ಡಬಸಪ್ಪ ನೆಲ ನೋಡುತ್ತಿದ್ದರು.

“ಯಾ ಮೂಲಿಯಿಂದ ಶುರು ಮಾಡ್ತಿ?” ಶೇಖರಮ್ಮ ಕೇಳಿದರು.

“ನಿಮ್ಮ ಮೂಲಿಯಿಂದ. ಈಶಾನ್ಯ ಅಲ್ಲಿ ಬರ್ತೈತಿ ಅಂತ, ನಿನ್ನ ದೊಡ್ಡಸ್ತನಕ್ಕಲ್ಲ.”

“ಆತು.”

“ಪಾಂಡವರು? ಹತ್ತೂ ಮಂದಿಗೆ ಸುಣ್ಣ ಬಳೀಲೇನು?”

“ಐದು ಸಾಕು.”

“ಯಾವ ಐದು?”

“ನಿನಗ ಬಗ್ಗಾಕ ಯಾವು ಸಮೀಪ ಅದಾವ, ಅವು.”

ಕನಕಮ್ಮ ನಕ್ಕರು. ಒಣ ನಗು, ಒಂದೇ ಸಲ, ಮೂಗಿನಿಂದ. “ಇಡು ಇನ್ನ. ಪರದೇಶದ ಫೋನು, ಬಿಲ್ಲು ಏರ್ತೈತಿ.”

“ಭಜ್ಜಿಗೆ ಹಸಿ ಕಡ್ಲಿ ಹಾಕೀಯಿಲ್ಲ?” ಶೇಖರಮ್ಮ ಕೇಳಿದರು. ಫೋನು ಆಗಲೇ ಇಟ್ಟಾಗಿತ್ತು.

ಮರುದಿನ ಚನ್ನು ಮತ್ತು ಅಮರೇಶ್ವರಿ ಸಿಗಿರಿಯಾದ ಬಂಡೆ ಏರಲು ಹೋದರು. ಶಿವಗಂಗಾ ಅತ್ತೆ ಮಾವನ ಜೊತೆ ಕೆಳಗೇ ಉಳಿದಳು. ನಿಮಲ್ ಅವರನ್ನು ಸಮೀಪದ ಒಂದು ಕೆರೆಯ ಏರಿಯ ಮೇಲೆ ಕರೆದೊಯ್ದ. ಒಂದು ಮಗ್ಗುಲಲ್ಲಿ ನೀರು, ಇನ್ನೊಂದು ಮಗ್ಗುಲಲ್ಲಿ ಕೆಳಗೆ ಗದ್ದೆಗಳು. ದೊಡ್ಡಬಸಪ್ಪ ತೂಬಿನ ಬಾಯಿ ಎಲ್ಲಿ, ನೀರು ಬಿಡುವವರು ಯಾರು, ಕೊನೆಯ ಗದ್ದೆಗೂ ಮುಟ್ಟುತ್ತದೆಯೇ ಎಂದು ಕೈಸನ್ನೆಯಲ್ಲಿ ನಿಮಲ್‌ನನ್ನು ಕೇಳುತ್ತ, ಉತ್ತರ ತಿಳಿಯದಿದ್ದರೂ ತಲೆಯಾಡಿಸುತ್ತ ನಡೆದರು. ಶೇಖರಮ್ಮ ಮುಂಜಾನೆ ಎದ್ದು ಲಿಂಗಪೂಜೆ ಮುಗಿಸಿ ಬರೀ ನೀರು ಕುಡಿದಿದ್ದರು. ಏರಿಯ ಮರದ ನೆ‌ರಳಲ್ಲಿ ಕುಳಿತು, ಸೊಸೆಯ ಕೈಯಲ್ಲಿದ್ದ ಫೋನನ್ನು ಆಗಾಗ ನೋಡುತ್ತಿದ್ದರು.

“ಇಲ್ಲೀಗೂ ಅಲ್ಲೀಗೂ ಗಡಿಯಾರ ಒಂದೇನ?”

“ಒಂದ ಐತ್ರಿ.”

“ಮತ್ತ ಈಗ ಬುಟ್ಟಿ ಇಳಿಸಿರಬೇಕು.”

ಫೋನು ಬಂತು. ವಿಡಿಯೊ ಕರೆ. ತೆರೆಯ ಮೇಲೆ ಮೊದಲು ಸಿದ್ದರಾಮನ ಕಿವಿ, ಆಮೇಲೆ ಆಕಾಶ, ಕೊನೆಗೆ ಎದೆಯೆತ್ತರದ ಜೋಳ. ಹೊಡೆಗಳು ಉಬ್ಬಿ ನಿಂತಿದ್ದವು. ಜೋಳದ ಮುಂದೆ ಕನಕಮ್ಮ, ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು, ಸೊಂಟಕ್ಕೆ ಬುಟ್ಟಿ. ಇಬ್ಬರು ನೆಗೆಣ್ಣಿಯರು ಒಬ್ಬರನ್ನೊಬ್ಬರು ನೆಟ್ಟಗೆ ನೋಡಿ ಎಷ್ಟು ಕಾಲವಾಗಿತ್ತೋ. ಈಗ ಅಂಗೈಯಗಲದ ಗಾಜಿನಲ್ಲಿ ನೋಡಿದರು. ಇಬ್ಬರಿಗೂ ಏನು ಮಾಡಬೇಕೋ ತಿಳಿಯದೆ ಸೆರಗು ಸರಿ ಮಾಡಿಕೊಂಡರು.

“ಸೊರಗೀದಿ,” ಕನಕಮ್ಮ ಅಂದರು.

“ನಿನ್ನಿಂದ ಉಂಡಿಲ್ಲ.”

“ಯಕ್ಕಾ, ಇಲ್ಲೊಂದು ಫಜೀತಿ ಆಗೇತಿ. ಹಿಂದಿನಿಂದ ಕೂಗೋರಿಲ್ಲ. ಇವರಿಗೆ ನೆಗಡಿ, ಗಂಟಲು ಕಟ್ಟೈತಿ. ಬಾಲಪ್ಪ ನಾಚಾಕತ್ಯಾನ.”

ಚರಗ ಚೆಲ್ಲುವವರು ಮುಂದೆ ಒಂದು ಕೂಗು ಕೂಗಬೇಕು. ಹಿಂದೆ ನೀರು ಚಿಮುಕಿಸುತ್ತ ಬರುವವರು ಅದಕ್ಕೆ ಓಗೊಡಬೇಕು. ಆ ಕೂಗಿನ ಅರ್ಥವೇನೆಂದು ಶಿವಗಂಗಾ ಒಮ್ಮೆ ಹಲವರನ್ನು ಕೇಳಿದ್ದಳು. ಒಬ್ಬೊಬ್ಬರು ಒಂದೊಂದು ಹೇಳಿದ್ದರು. ಓಗೊಡದಿದ್ದರೆ ಚೆಲ್ಲಿದ್ದು ಮುಟ್ಟುವುದಿಲ್ಲ ಎಂಬುದರಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು.

ಶೇಖರಮ್ಮ ಎದ್ದು ನಿಂತರು. “ಸಿದ್ದರಾಮಗ ಹೇಳು, ಫೋನು ಗಟ್ಟಿ ಹಿಡ್ಕೊಂಡು ನಿನ್ನ ಬೆನ್ನಿಗೇ ಬರಲಿ. ನೀರಿನ ತಂಬಿಗಿ ಬಾಲಪ್ಪ ಹಿಡೀಲಿ. ನೀ ನಡಿ.”

ಕನಕಮ್ಮ ತಿರುಗಿದರು. ಬುಟ್ಟಿಯಿಂದ ಒಂದು ಹಿಡಿ ತೆಗೆದು ಜೋಳದೊಳಗೆ ಬೀಸಿದರು.

“ಹುಲ್ಲುಲ್ಲಿಗ್ಯೋ…”

“ಚಲ್ಲಂಬರಿಗ್ಯೋ!” ಶೇಖರಮ್ಮ ಕೂಗಿದರು.

ಹೊಲದಲ್ಲಿ ಕೂಗಿ ರೂಢಿಯಾದ ದನಿ ಅದು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮುಟ್ಟಬೇಕಾದದ್ದು. ಕೆಳಗಿನ ಗದ್ದೆಯಿಂದ ಬೆಳ್ಳಕ್ಕಿಗಳು ಗುಂಪಾಗಿ ಎದ್ದವು. ಏರಿಯ ಮೇಲೆ ಸೈಕಲ್ಲಿನಲ್ಲಿ ಹೋಗುತ್ತಿದ್ದವನು ಒಂದು ಕಾಲು ಊರಿ ನಿಂತ. ಕ್ಯಾಮೆರಾ ಹಿಡಿದ ಇಬ್ಬರು ಬಿಳಿ ಪ್ರವಾಸಿಗರು ಕೆರೆಯ ಚಿತ್ರ ಬಿಟ್ಟು ಇತ್ತ ತಿರುಗಿದರು. ದೊಡ್ಡಬಸಪ್ಪ ತೂಬು ಮರೆತು ಓಡುತ್ತಲೇ ಬಂದರು.

ಫೋನಿನಲ್ಲಿ ಕನಕಮ್ಮ ಆಗಲೇ ಮುಂದೆ ಹೋಗಿ ಎರಡನೆಯ ಹಿಡಿ ಬೀಸಿದ್ದರು. ಶೇಖರಮ್ಮನವರ ಮೊದಲ ಮರುಕೂಗು ಅಲ್ಲಿಗೆ ಮುಟ್ಟಿದ್ದು ಆಮೇಲೆ. ಕೂಗು ಕೂಗಿನ ಮೇಲೆ ಬಿದ್ದು ಎರಡೂ ಕೆಟ್ಟವು. ಶೇಖರಮ್ಮ ಗಾಬರಿಯಾದರು. “ಮುಟ್ಟಲಿಲ್ಲೇನು?”

“ಮುಟ್ಟಾಕತ್ತೈತ್ರಿ ಅತ್ತಿ, ಸ್ವಲ್ಪ ತಡ ಆಗಾಕತ್ತೈತಿ. ದನಿ ಬಹಳ ದೂರ ಸುತ್ತಿ ಹೋಗಬೇಕಲ್ರಿ…” ಶಿವಗಂಗಾ ವಿವರಿಸಲು ಹೊರಟಳು.

ಆ ಕಡೆ ಕನಕಮ್ಮನಿಗೆ ಯಾರ ವಿವರಣೆಯೂ ಬೇಕಾಗಲಿಲ್ಲ. ಅವರು ನಿಂತರು. ಬುಟ್ಟಿಯನ್ನು ಸೊಂಟದ ಮೇಲೆ ಸರಿಮಾಡಿಕೊಂಡು, ಹೊಸ ಹಿಡಿ ತೆಗೆದು, ಬೀಸಿ, ಕೂಗಿದರು. ಹೆಜ್ಜೆ ಎತ್ತದೆ ತಲೆ ಓರೆ ಮಾಡಿ ಕಾದರು. ಸಮುದ್ರ ದಾಟಿ ಮರುಕೂಗು ಬಂದು ಮುಟ್ಟಿದ ಮೇಲೆ ತಲೆಯಾಡಿಸಿ ಮುಂದಿನ ಹೆಜ್ಜೆ ಇಟ್ಟರು. ಮತ್ತೆ ಒಂದು ಹಿಡಿ, ಮತ್ತೆ ಕೂಗು, ಮತ್ತೆ ಕಾಯುವುದು.

ಹೀಗೆ ಹೊಲ ಸುತ್ತುವುದಕ್ಕೆ ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಬನ್ನಿಯ ಗಿಡದ ಹತ್ತಿರ ತೆರೆ ಅಲುಗಿ, ಸಿದ್ದರಾಮನ ಕಟ್ಟಿದ ಗಂಟಲು ಏನೋ ಹೇಳಿತು.

“ಬದು ಬಂತಕ್ಕ,” ಕನಕಮ್ಮ ಕೂಗಿ ಹೇಳಿದರು. “ಕಲ್ಲು ಭಾಳ ಅದಾವ. ದಾಟ್ತೀನಿ, ತಡಿ.”

“ಸಾವಕಾಶ ದಾಟು,” ಶೇಖರಮ್ಮ ಅಂದರು. “ನಾ ಇಲ್ಲೇ ಅದೀನಿ.”